ಅಂಬರಿನೊಳಗಿನ ಚೇಳು: ದುಡ್ಡು ಕೊಡುವ ಮೊದಲು

ಓದುಗರ ಪತ್ರ: "ಮೊಬೈಲಿನಲ್ಲಿ ಒಬ್ಬರು '10 ಕೋಟಿ ವರ್ಷ ಹಳೆಯ ಚೇಳು' ಇರುವ ಬರ್ಮಾ ಅಂಬರ್ ಮಾರಾಟಕ್ಕೆ ಇಟ್ಟಿದ್ದಾರೆ. ಸಂಗ್ರಹಕ್ಕೆ ತೆಗೆದುಕೊಳ್ಳಬಹುದಾ? ನಮ್ಮ ತೋಟದ ಬದಿಯ ದೂಪದ ಮರದ ರಾಳದಲ್ಲೂ ಇರುವೆ ಸಿಕ್ಕಿಕೊಂಡಿದೆ. ಅದೂ ಮುಂದೆ ಅಂಬರ್ ಆಗುತ್ತದಾ?" (ಪೆರ್ಲದ ಓದುಗರು)

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ನಾಣ್ಯ, ಅಂಚೆಚೀಟಿ ಕೂಡಿಡುವವರು ನಮ್ಮ ಕಾಸರಗೋಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚೇಳು, ಜೇಡದ ಮೇಲೆ ಆಸೆ ಪಟ್ಟವರು ಕಡಿಮೆ. ಆದರೆ ಈಗಲೇ ದುಡ್ಡು ಕಳಿಸಬೇಡಿ.

ಅಂಬರ್ ಎಂದರೆ ಮಣ್ಣಿನಡಿ ಹೂತು ಕಲ್ಲಿನಂತಾದ ಹಳೆಯ ಮರದ ರಾಳ. ಅದರಲ್ಲಿ ನೊಣ, ಸೊಳ್ಳೆ, ಇರುವೆ ಜಾಸ್ತಿ. ಚೇಳು ಬಹಳ ಅಪರೂಪ. ಬಲ ಇರುವ ದೊಡ್ಡ ಜೀವಿ ಕಾಲು ಕಿತ್ತುಕೊಂಡು ಹೋಗುತ್ತದೆ, ರಾಳದಲ್ಲಿ ಉಳಿಯುವುದು ಹೆಚ್ಚಾಗಿ ಕೆಲವು ಮಿಲಿಮೀಟರಿನವು. ಹೆಬ್ಬೆರಳಿನಷ್ಟು ದೊಡ್ಡ ಚೇಳು ಕೊಂಡಿ ಎತ್ತಿ ನಟ್ಟನಡುವೆ ಚಂದಕ್ಕೆ ನಿಂತಿದ್ದರೆ, ಈಗಿನ ಚೇಳಿನ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದಿದ್ದಾರೆ ಎಂದೇ ಸಂಶಯಪಡಿ.

ಗಟ್ಟಿ ಉಪ್ಪುನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ, ಹಲವು ಬಗೆಯ ಪ್ಲಾಸ್ಟಿಕ್ಕೂ ಮುಳುಗುತ್ತದೆ. ಆದರೆ ಇನ್ನೂ ಪಕ್ವವಾಗದ ಎಳೆ ರಾಳ, ಅಂದರೆ ಕೋಪಲ್, ಅದೂ ತೇಲುತ್ತದೆ. ಅದಕ್ಕೆ ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿ ಹಾಕಿದರೆ ಅಂಟಂಟಾಗುತ್ತದೆ.

ಇಷ್ಟು ಮಾಡಿದರೂ ಒಳಗಿನ ಜೀವಿ ಹಳೆಯದು ಎಂದು ಹೇಳಲಾಗದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ 1922ರಿಂದ ಒಂದು ಬಾಲ್ಟಿಕ್ ಅಂಬರಿನ ನೊಣ ಇತ್ತು. ದೊಡ್ಡ ವಿದ್ವಾಂಸರೇ ಅದರ ಬಗ್ಗೆ ಬರೆದಿದ್ದರು. 1993ರಲ್ಲಿ ಪಳೆಯುಳಿಕೆ ತಜ್ಞ ಆ್ಯಂಡ್ರೂ ರಾಸ್ ಅದನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ ದೀಪದ ಬಿಸಿಗೆ ಬಿರುಕು ಕಾಣಿಸಿತು. ಯಾರೋ ನಿಜವಾದ ಅಂಬರನ್ನೇ ಸೀಳಿ, ಒಳಗೆ ಕೊರೆದು, ಈಗಿನ ಕಾಲದ ನೊಣ ಕೂರಿಸಿ ಮತ್ತೆ ಅಂಟಿಸಿದ್ದರು!

ಇನ್ನು ಬರ್ಮಾ ಎಂಬ ಮಾತು. ಅಲ್ಲಿನ ಕಚಿನ್ ರಾಜ್ಯದ ಅಂಬರ್ ಸುಮಾರು 9.9 ಕೋಟಿ ವರ್ಷ ಹಳೆಯದು, ಡೈನೋಸಾರ್‌ಗಳ ಕಾಲದ್ದು. ಡೈನೋಸಾರ್ ಗರಿ ಹಿಡಿದುಕೊಂಡೇ ಸತ್ತ ಉಣುಗು ಅದರಲ್ಲಿ ಸಿಕ್ಕಿದೆ. 2018ರಲ್ಲಿ ಪ್ರಕಟವಾದ ಕೈಮೆರಾರಾಕ್ನಿ ಎಂಬ ಜೇಡದಂಥ ಜೀವಿ ನನಗೆ ಎಲ್ಲಕ್ಕಿಂತ ಅಚ್ಚರಿಯದು. ಮೈ 3 ಮಿಲಿಮೀಟರ್ ಕೂಡ ಇಲ್ಲ. ಜೇಡದ ಹಾಗೆ ನೂಲು ಬಿಡುವ ಅಂಗ ಇದೆ, ಜೊತೆಗೆ ಮೈಗಿಂತ ಉದ್ದದ ಬಾಲವೂ ಇದೆ. ಈಗಿನ ಯಾವ ಜೇಡಕ್ಕೂ ಅಂಥ ಬಾಲ ಇಲ್ಲ. ಜೇಡಗಳು ಯಾವ ಬಳಗದಿಂದ ಕವಲೊಡೆದವು ಎಂದು ತಿಳಿಯಲು ಇದು ದೊಡ್ಡ ಸಾಕ್ಷಿ. ಆ ತುಣುಕುಗಳೂ ವ್ಯಾಪಾರಿಗಳ ಕೈ ದಾಟಿಯೇ ವಿಜ್ಞಾನಿಗಳಿಗೆ ತಲುಪಿದ್ದವು. ಹಾಗಾಗಿ ಸಂಗ್ರಹಕಾರರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ಕಪಾಟಿನಲ್ಲಿ ಉಳಿದಿದ್ದರೆ ಈ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ ಅಲ್ವಾ?

ಆದರೆ ಆ ಗಣಿಗಳ ಸುತ್ತ ಯುದ್ಧ ನಡೆದಿದೆ. 2017ರ ಬಳಿಕ ಅಲ್ಲಿನ ಸೇನೆ ಗಣಿಪ್ರದೇಶವನ್ನು ವಶಪಡಿಸಿಕೊಂಡಿತು. ಕಲ್ಲಿನ ದುಡ್ಡು ಆ ಜಗಳಕ್ಕೇ ಹೋಗುತ್ತದೆ ಎಂಬ ಕಾರಣಕ್ಕೆ 2020ರಲ್ಲಿ ಕಶೇರುಕ (ಬೆನ್ನೆಲುಬಿರುವ ಪ್ರಾಣಿಗಳ) ಪಳೆಯುಳಿಕೆ ತಜ್ಞರ ಅಂತರರಾಷ್ಟ್ರೀಯ ಸಂಘವೊಂದು, 2017ರ ಜೂನ್ ಬಳಿಕ ಹೊರಬಂದ ತುಣುಕುಗಳ ಸಂಶೋಧನೆ ಪ್ರಕಟಿಸಬೇಡಿ ಎಂದು ವಿಜ್ಞಾನ ಪತ್ರಿಕೆಗಳನ್ನು ಕೇಳಿಕೊಂಡಿತು. ಆದ್ದರಿಂದ ಮಾರುವವರ ಹತ್ತಿರ ಮೊದಲು ಬೆಲೆ ಕೇಳಬೇಡಿ. ಯಾವ ಗಣಿಯದ್ದು, ಯಾವಾಗ ತೆಗೆದದ್ದು, ಕಾಗದಪತ್ರ ಏನಿದೆ ಎಂದು ಕೇಳಿ. ಉತ್ತರ ಬಾರದಿದ್ದರೆ ಸುಮ್ನೆ ಬಿಟ್ಟುಬಿಡಿ, ಕಲ್ಲು ಎಷ್ಟು ಚಂದವಿದ್ದರೂ.

ಈಗ ನಿಮ್ಮ ದೂಪದ ಮರ. ಗೇರುಮರದ ಅಂಟು ನೀರಿಗೆ ಕರಗುತ್ತದೆ, ಅದು ಅಂಬರ್ ಆಗದು. ದೂಪದ ರಾಳ ಕರಗುವುದಿಲ್ಲ. ಗುಜರಾತಿನ ಸೂರತ್ ಹತ್ತಿರದ ವಸ್ತಾನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ಸಿಕ್ಕಿದೆ. ಅದನ್ನು ಸುರಿಸಿದ್ದು ದೂಪದ ಮರದ ಕುಟುಂಬದ್ದೇ ಮರಗಳು. 2010ರಲ್ಲಿ ಪ್ರಕಟವಾದ ವರದಿಯ ಪ್ರಕಾರ 700ಕ್ಕೂ ಹೆಚ್ಚು ಕೀಟ, ಜೇಡ ಮುಂತಾದವು ಅದರಲ್ಲಿದ್ದವು. ನಿಮ್ಮ ಮರದ ರಾಳ ಮಾತ್ರ ಬಿಸಿಲು, ಗಾಳಿಗೆ ಒಡೆದು ಪುಡಿಯಾಗುವುದೇ ಹೆಚ್ಚು. ಗಾಳಿ ತಾಗದ ಕೆಸರಿನಡಿ ಹೂತು ಹತ್ತಾರು ಲಕ್ಷ ವರ್ಷ ಕಳೆದರಷ್ಟೇ ಅದು ಅಂಬರ್.

ಹಾಗಿದ್ದರೂ ಒಂದು ಭೂತಗನ್ನಡಿ ತೆಗೆದುಕೊಂಡು ಆ ರಾಳವನ್ನು ನೋಡಿ. ಇರುವೆಯ ಜೊತೆ ಜೇಡವೋ ಉಣುಗೋ ಇದ್ದರೆ ಫೋಟೋ ತೆಗೆದು, ತಾರೀಕು ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.