ಸೋಲುವ ತಂಡದ ಹುಡುಗನ 18 ಅಂಕ ನಂಬಬಹುದೇ?

ಸೀಸನ್‌ನಲ್ಲಿ 60 ಪಂದ್ಯ ಸೋತ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ತಂಡದಲ್ಲಿ 20 ವರ್ಷದ ಹುಡುಗ ಪಂದ್ಯಕ್ಕೆ ಸರಾಸರಿ 18 ಅಂಕ ಹೊಡೆದರೆ ನಂಬಬಹುದೇ ಎಂದು ಕೇಳಿದ್ದೀರಿ. ಅಂಕವೊಂದನ್ನೇ ನಂಬಬೇಡಿ ಸರ್; ಸೋಲುವ ತಂಡದಲ್ಲೂ ಯಾರಾದರೂ ಬುಟ್ಟಿಗೆ ಎಸೆಯಲೇಬೇಕಲ್ಲ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) ಯತ್ನಗಳನ್ನು 0.44ರಿಂದ ಗುಣಿಸಿ, ಆಟದ ನಡುವಿನ ಶಾಟ್ ಯತ್ನಗಳಿಗೆ ಕೂಡಿಸಿ, ಅದರ ಎರಡರಷ್ಟರಿಂದ ಒಟ್ಟು ಅಂಕವನ್ನು ಭಾಗಿಸಿ. ಎಸೆತಕ್ಕೆ ಎಷ್ಟು ಫಲ ಸಿಕ್ಕಿತು ಅನ್ನುವ ಈ ಲೆಕ್ಕದಲ್ಲಿ 2023-24ರ ಎನ್‌ಬಿಎ ಸರಾಸರಿ ಸುಮಾರು 58%; 52ರ ಆಸುಪಾಸಿದ್ದರೆ ಎಸೆತ ಜಾಸ್ತಿ, ಫಲ ಕಡಿಮೆ. ಮೂರು ಅಂಕ ಸಿಗುವ ದೂರದ ಎಸೆತಗಳನ್ನು ಬರೀ 200 ನೋಡಿ ತೀರ್ಮಾನಿಸಬೇಡಿ, ಅದರಲ್ಲಿ ಅದೃಷ್ಟದ ಪಾಲು ದೊಡ್ಡದು. ಕೈಯ ಹದ ಫ್ರೀ ಥ್ರೋನಲ್ಲಿ ಬೇಗ ಕಾಣುತ್ತದೆ.

ಯಾವ ಪಾತ್ರ ಕೊಟ್ಟಿದ್ದಾರೆ ಅನ್ನುವುದಂತೂ ಬಹಳ ಮುಖ್ಯ. 2023-24ರ ಸೀಸನ್ ಶುರುವಿನಲ್ಲಿ ಸ್ಪರ್ಸ್ ತಂಡ, ಬುಟ್ಟಿಯ ಹತ್ತಿರ ಆಡುವ ಫಾರ್ವರ್ಡ್ ಜೆರೆಮಿ ಸೋಹಾನ್‌ರನ್ನು ಚೆಂಡು ಹಂಚಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಆಗಿ ಆಡಿಸಿತು. ಜನವರಿಯಲ್ಲಿ ಟ್ರೇ ಜೋನ್ಸ್ ಆ ಜಾಗಕ್ಕೆ ಬಂದ ಮೇಲೆ ತಂಡದ ಹೊಸ ಆಟಗಾರ ವೆಂಬನ್ಯಾಮಾ ಕೈಗೆ ಚೆಂಡು ಹೊತ್ತಿಗೆ ಸರಿಯಾಗಿ ತಲುಪತೊಡಗಿತು. ಮೊದಲ ಎರಡು ತಿಂಗಳ ಅಂಕಿಯಿಂದಲೇ ಸೋಹಾನ್, ವೆಂಬನ್ಯಾಮಾ ಇಬ್ಬರನ್ನೂ ಅಳೆದಿದ್ದರೆ ಲೆಕ್ಕ ತಪ್ಪುತ್ತಿತ್ತು.