ಮಗ್ಗದ ಊರಲ್ಲಿ ಗೇ ಆಗಿ ಬೆಳೆದದ್ದು

"ನನಗೆ 19. ಬಾಗಲಕೋಟೆ ಕಡೆಯ ನೇಕಾರರ ಮನೆಯ ಹುಡುಗ. ನಾನು ಗೇ. ಇಂಥ ಊರಲ್ಲಿ ಬೆಳೆದವರು ಯಾರಾದರೂ ಇದ್ದೀರಾ? ಮನೆಯಲ್ಲಿ ಹೇಳಿದ್ರಾ?" ಅಂತ ಕೇಳಿದ್ದೀಯ.

ಇದ್ದೀನಿ ತಮ್ಮಾ. ನಾನು ರಬಕವಿ-ಬನಹಟ್ಟಿಯವನು. ಅಪ್ಪ ಬೇರೆಯವರ ಶೆಡ್ಡಿನಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದ. ಅವ್ವ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಸೀರೆಗೆ ಇಷ್ಟು ಅಂತ ಕೂಲಿ. ಕರೆಂಟ್ ಹೋದರೆ ಆ ಹೊತ್ತಿನ ಕೂಲಿಯೂ ಹೋದ ಹಾಗೆ.

ಮಗ್ಗದ ಸದ್ದು ನಿನಗೂ ಗೊತ್ತಲ್ವಾ? ಒಳಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಿಯೇ ಹೇಳಬೇಕು. ನನಗೆ ಆಗ 17. ಪಿಯುಸಿ ರಜೆಯಲ್ಲಿ ಅಪ್ಪನ ಜೊತೆ ಹೋಗುತ್ತಿದ್ದೆ. ಪಕ್ಕದ ಮಗ್ಗದಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗ ಇದ್ದ. ಒಂದಿನ ಹತ್ತಿರ ಬಂದು ಕಿವಿಯಲ್ಲಿ "ಎಳಿ ಹರದೈತಿ ನೋಡು" ಅಂದ. ಅಷ್ಟೇ. ಗಂಟು ಹಾಕೋಕೆ ಹೋದರೆ ನನ್ನ ಕೈ ನಡುಗುತ್ತಿತ್ತು. ಅವನಿಗೆ ಅದು ಕೆಲಸದ ಮಾತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಶಾಲೆಯಲ್ಲಿ "ಹೆಣ್ಣಿಗ" ಅಂತ ಕರೆಯುತ್ತಿದ್ದರು. ಅದಕ್ಕಿಂತ ಜಾಸ್ತಿ ಹಿಂಸೆ ಆಗಿದ್ದು, ನಾನು ಯಾರು ಅಂತ ನನಗೇ ಹೇಳಿಕೊಳ್ಳೋಕೆ ಒಂದು ಹೆಸರು ಇಲ್ಲದ್ದು. ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದವರು ಜೋಗಪ್ಪಂದಿರು. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು, ಚೌಡಿಕೆ ಬಾರಿಸುತ್ತಾ ಬರುತ್ತಿದ್ದರು. ಅವ್ವ ಮೊರದಲ್ಲಿ ಜೋಳ ತಂದು ಹಾಕಿ ಕೈ ಮುಗಿಯುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ನನ್ನ ದಾರಿಯೂ ಇದೇನಾ? ಆದರೆ ನನಗೆ ಸೀರೆ ಉಡುವ ಆಸೆ ಇರಲಿಲ್ಲ. ನಾನು ಹುಡುಗನೇ.

ಹುಡುಗನಾಗಿದ್ದುಕೊಂಡೇ ಹುಡುಗನನ್ನು ಇಷ್ಟಪಡುವವರು ಬೇರೆಯವರೂ ಇದ್ದಾರೆ ಅಂತ ತಿಳಿದಿದ್ದು ನನಗೆ 17 ಇದ್ದ ಅದೇ ವರ್ಷ, 2009ರ ಜುಲೈನಲ್ಲಿ. ಕ್ಷೌರದಂಗಡಿಯ ಪೇಪರಿನಲ್ಲಿ, ಗಂಡಸು ಗಂಡಸು ಒಪ್ಪಿ ಕೂಡಿದರೆ ಅಪರಾಧವಲ್ಲ ಅನ್ನುವ ದೆಹಲಿ ಹೈಕೋರ್ಟ್ ತೀರ್ಪಿನ ಸುದ್ದಿ ಇತ್ತು. ಒಬ್ಬರು ಜೋರಾಗಿ ಓದಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ಚುಚ್ಚುತ್ತದೆ.

2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂದಿತು. ನಾನು ಆಗ ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ನಿನಗೊಬ್ಬಂಗ ಗೊತ್ತಿತ್ತು ಅಂತ ತಿಳಕೊಂಡಿದ್ದೇನೋ?" ಅಂದಳು. ಬಾತ್‌ರೂಮಿಗೆ ಹೋಗಿ ಅತ್ತೆ.

ಅಪ್ಪ-ಅವ್ವನಿಗೆ ಹೇಳಿದ್ದು ಸೋದರಮಾವನ ಮಗಳ ಜೊತೆ ಮದುವೆ ಮಾತು ಬಂದಾಗ. ಆ ಹುಡುಗಿಯ ಬಾಳು ಹಾಳು ಮಾಡೋಕೆ ನನ್ನಿಂದ ಆಗಲಿಲ್ಲ. ಅಪ್ಪ ಎರಡು ವರ್ಷ ಮಾತು ಬಿಟ್ಟ. ಈಗ ಫೋನಲ್ಲಿ "ಉಂಡಿ?" ಅಂತ ಕೇಳುತ್ತಾನೆ. "ಉಂಡೆ" ಅನ್ನುತ್ತೇನೆ. ಅಷ್ಟು ಮಾತಿಗೇ ವಾರವೆಲ್ಲ ಕಾಯುತ್ತೇನೆ.

ನೀನು ಅವಸರ ಮಾಡಬೇಡ. ಮೊದಲು ನಿನ್ನ ಕೈಗೆ ನಾಲ್ಕು ಕಾಸು ಬರಲಿ. ನಂಬುವ ಒಬ್ಬರಿಗೆ ಹೇಳು. ಹುಡುಗಿ ಜೊತೆ ಮದುವೆಗೆ ಮಾತ್ರ ಹೂಂ ಅನ್ನಬೇಡ. ಔಷಧಿ ಕೊಟ್ಟು ಸರಿ ಮಾಡ್ತೀವಿ ಅನ್ನುವವರ ಹತ್ತಿರ ಹೋಗಬೇಡ. ಇದು ರೋಗವಲ್ಲ ಅಂತ ಭಾರತದ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ತಡೆಯೋಕೆ ಆಗದಷ್ಟು ಸಂಕಟವಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಶೆಡ್ಡಿನ ಹಿಂದೆ ಹೋಗಿ ಮಾಡು. ಮಗ್ಗದ ಸದ್ದಿಗೆ ಮನೆಯವರಿಗೆ ಏನೂ ಕೇಳಿಸಲ್ಲ.