ಸ್ಟಾಫ್ ರೂಮಿನ ಧ್ಯಾನಕ್ಕೆ ಯಾರ ದೇವರು?

ಸಿಂಧನೂರಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪ್ರಶ್ನೆ: ‘ಶಾಲೆ ಶುರುವಾಗುವ ಮುಂಚೆ ಸಿಬ್ಬಂದಿಯೆಲ್ಲ ಧ್ಯಾನಕ್ಕೆ ಕೂರಬೇಕು ಅಂತ ಹೆಡ್‌ಮಾಸ್ಟರು ಹೇಳುತ್ತಿದ್ದಾರೆ. ನಮ್ಮಲ್ಲಿ ಲಿಂಗವಂತರು, ಕ್ರೈಸ್ತರು, ನನ್ನಂಥ ಮುಸ್ಲಿಮರು ಇದ್ದೇವೆ. ಇದು ನಮ್ಮ ದೀನಿಗೆ, ಅಂದರೆ ಧರ್ಮಕ್ಕೆ, ಹೊಂದಲ್ಲ ಅಂತ ಮನೆಯಲ್ಲಿ ತಕರಾರು. ಏನು ಮಾಡಲಿ?’

ಕೂತವರಿಂದ ಏನು ಮಾಡಿಸುತ್ತಾರೆ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ‘ಎಲ್ಲ ಧರ್ಮದ ಸಾರ ಒಂದೇ, ಸುಮ್ಮನೆ ಕಣ್ಣು ಮುಚ್ಚಿ’ ಅನ್ನುವುದು ನಿಮ್ಮ ಮನೆಯವರ ಅಳುಕಿಗೆ ಉತ್ತರವಾಗಲಾರದು.

ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ನಮ್ಮ ಸೀಮೆಗೆ ಹೊಸದಲ್ಲ. ಲಿಂಗವಂತರು ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುತ್ತಾರೆ. ಕೊಪ್ಪಳ ಹಳೆಯ ಜೈನ ಕ್ಷೇತ್ರ. ಜೈನರು ಸಮಚಿತ್ತದಿಂದ ಕೂರುವ ಸಾಮಾಯಿಕ 48 ನಿಮಿಷದ್ದು. ಸೂಫಿಗಳಿಗೆ ದೇವರ ನಾಮಸ್ಮರಣೆಯ ಜಿಕ್ರ್, ಧ್ಯಾನದ ಮುರಾಖಬಾ ಉಂಟು, ಅದನ್ನು ಒಪ್ಪದ ಮುಸ್ಲಿಮರೂ ಉಂಟು. ಕ್ಯಾಥೊಲಿಕರು ಜಪಸರದ ಒಂದೊಂದು ಹತ್ತು ಮಣಿಗೂ ಯೇಸುವಿನ ಇಲ್ಲವೇ ತಾಯಿ ಮರಿಯಳ ಬದುಕಿನ ಒಂದು ಘಟನೆ ನೆನೆಯುತ್ತಾರೆ. ಇವರೆಲ್ಲರ ಗಮನ ಒಂದೇ ಕಡೆಗಿಲ್ಲ. ತಕರಾರು ಹುಟ್ಟುವುದು ಅಲ್ಲೇ.

ಕ್ಯಾಥೊಲಿಕರ ಕೇಂದ್ರವಾದ ವ್ಯಾಟಿಕನ್ 1989ರ ಅಕ್ಟೋಬರ್‌ನಲ್ಲಿ ಕ್ರೈಸ್ತರ ಧ್ಯಾನದ ಬಗ್ಗೆ ಪತ್ರ ಹೊರಡಿಸಿತು. ಬೇರೆ ಧರ್ಮದ ವಿಧಾನಗಳನ್ನು ಅದು ಸಾರಾಸಗಟಾಗಿ ತಳ್ಳಿಹಾಕಲಿಲ್ಲ; ಮೈ ಸಡಿಲಾದಾಗ ತಾನಾಗಿ ಬರುವ ನೆಮ್ಮದಿಯನ್ನೇ ಪವಿತ್ರಾತ್ಮನ ಸಾಂತ್ವನ ಎಂದು ಬಗೆಯಬೇಡಿ ಎಂದಿತು. ಬೇರೆ ಧರ್ಮದವರಿಗೂ ಒಗ್ಗುವ ಮಾತು.

ನಿಜವಾದ ತೊಡಕು ಧ್ಯಾನ ಕಲಿಸುವ ಶಿಬಿರಗಳ ನಿಯಮದಲ್ಲಿದೆ. ಎಸ್.ಎನ್. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಸ್ಸನ ಎಂಬ ಬೌದ್ಧ ಮೂಲದ ಧ್ಯಾನ ಶಿಬಿರಕ್ಕೆ ಯಾವ ಧರ್ಮದವರೂ ಹೋಗಬಹುದು, ಆದರೆ ಅಷ್ಟು ದಿನ ಪ್ರಾರ್ಥನೆ, ಪೂಜೆ, ಉಪವಾಸ, ಜಪ ಎಲ್ಲ ನಿಲ್ಲಿಸಬೇಕು. ಐದು ಹೊತ್ತಿನ ನಮಾಜು ಬಿಡದವರಿಗೆ, ಲಿಂಗಪೂಜೆಯಾಗದೆ ತುತ್ತು ಮುಟ್ಟದವರಿಗೆ ಇದು ನೇರ ಅಡ್ಡಿ. ಹೆಸರು ಕೊಡುವ ಮೊದಲೇ ತಿಳಿದಿರಬೇಕು. ಮಹೇಶ ಯೋಗಿಯವರ ಭಾವಾತೀತ ಧ್ಯಾನದಲ್ಲಿ ಮಂತ್ರ ಕೊಡುವಾಗ ಕಲಿಸುವವರು ಗುರುಪೂಜೆ ಮಾಡುತ್ತಾರೆ. ಈ ಧ್ಯಾನವನ್ನು ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದಾಗ, ಇದು ಧರ್ಮಬೋಧನೆಯೇ ಎಂದು ಅಮೆರಿಕದ ನ್ಯಾಯಾಲಯ 1977ರಲ್ಲಿ ತಡೆಯಿತು. 1979ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು.

ಹಾಗಾಗಿ ಸ್ಟಾಫ್ ರೂಮಿನಲ್ಲಿ ದೀಪ, ಫೋಟೊ, ಓಂಕಾರ, ಕ್ಯಾಸೆಟ್ಟಿನ ಸ್ವಾಮೀಜಿ ಯಾವುದೂ ಬೇಡ. ಹತ್ತು ನಿಮಿಷ ಸಾಕು. ಕುರ್ಚಿಯಲ್ಲೇ ಕೂತು ಪಾದ ಎರಡೂ ನೆಲಕ್ಕೆ ಊರಿ, ಬೆನ್ನು ಒರಗಿಸದೆ, ನಾಲ್ಕು ಅಡಿ ಮುಂದಿನ ನೆಲವನ್ನು ಅರೆಗಣ್ಣಲ್ಲಿ ನೋಡುತ್ತಿರಿ. ಪೂರ್ತಿ ಮುಚ್ಚಿದರೆ ನಿದ್ದೆ ಎಳೆಯುತ್ತದೆ. ಉಸಿರು ಹೊರಹೋದಾಗಲೆಲ್ಲ ಒಂದು ಎಣಿಕೆ. ಹತ್ತಾದ ಮೇಲೆ ಮತ್ತೆ ಒಂದು. ಎಣಿಕೆ ಹದಿನೇಳಕ್ಕೆ ಹೋಗಿದ್ದರೆ ಮನಸ್ಸು ಎಲ್ಲೋ ಹೋಗಿತ್ತು ಅಂತಲೇ, ಬೈದುಕೊಳ್ಳದೆ ಒಂದಕ್ಕೆ ಬನ್ನಿ. ಎಣಿಕೆಯ ಬದಲು ನೀವು ಮನಸ್ಸಿನಲ್ಲೇ ಸುಬಹಾನಲ್ಲಾಹ್ ಅಂದುಕೊಳ್ಳಿ, ಪಕ್ಕದವರು ಓಂ ನಮಃ ಶಿವಾಯ ಅಂದುಕೊಳ್ಳಲಿ. ಹೊರಗೆ ಕೇಳದಿದ್ದರಾಯಿತು.

ಹೆಚ್ಚಿನವರು ಕೆಡಿಸಿಕೊಳ್ಳುವುದು ಉಸಿರನ್ನು ಬೇಕೆಂದೇ ಆಳವಾಗಿ, ಬಿರುಸಾಗಿ ಎಳೆದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರವಾಗುತ್ತದೆ, ಬೆರಳ ತುದಿ, ತುಟಿ ಜುಮುಗುಡುತ್ತವೆ. ಅದನ್ನು ‘ಶಕ್ತಿ ಸಂಚಾರ’ ಅನ್ನುವವರ ಮಾತು ಕೇಳಬೇಡಿ; ಉಸಿರು ತನ್ನ ಪಾಡಿಗೆ ಬಿಟ್ಟರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಕೋಣೆ ಬಿಟ್ಟು ಬೇವಿನ ನೆರಳಿಗೆ ಬನ್ನಿ. ಸುಮ್ಮನೆ ಕೂತೊಡನೆ ಎದೆ ಡವಡವ ಅನ್ನುವವರು, ಹಳೆಯ ಆಘಾತ ಮರುಕಳಿಸುವವರು ಎದ್ದು ನಡೆದಾಡಲಿ. ಮನೋರೋಗಕ್ಕೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ದೀರ್ಘ ಮೌನ ಶಿಬಿರಕ್ಕೆ ಹೋಗಬಾರದು.

ಇನ್ನು ಹೆಡ್‌ಮಾಸ್ಟರಿಗೆ ಒಂದು ಮಾತು: ಇದಕ್ಕೆ ಹಾಜರಿ ಹಾಕಬೇಡಿ. ಬಾರದವರು ಆ ಹತ್ತು ನಿಮಿಷ ನೋಟ್‌ಬುಕ್ ತಿದ್ದಿಕೊಳ್ಳಲಿ, ಯಾಕೆ ಬರಲಿಲ್ಲ ಅಂತ ಯಾರೂ ಕೇಳುವುದು ಬೇಡ.